‘ನಾಳೆಯಿಂದ ಬರಬ್ಯಾಡ’

2025ರ ಡಿಸೆಂಬರ್. ರಾತ್ರಿ ಹನ್ನೊಂದರ ಸುಮಾರಿಗೆ ಕಾಕಾನ ಮಗ ಫೋನ್ ಮಾಡಿದ. ಅವನೂ ನನ್ನ ಹಾಗೆ ಇಜೇರಿಯವನು, ನನ್ನ ಹಾಗೇ ಬಿಇ, ನನ್ನ ಹಾಗೇ ಬೆಂಗಳೂರು. ವಯಸ್ಸಲ್ಲಿ ಮಾತ್ರ ಹನ್ನೆರಡು ವರ್ಷ ಚಿಕ್ಕವನು.

“ಅಣ್ಣಾ, ಮಲಗೀಯೇನು?”

“ಇಲ್ಲೋ, ಹೇಳು.”

“ನಾಳೆಯಿಂದ ಬರಬ್ಯಾಡ ಅಂದಾರ.”

ಆರು ತಿಂಗಳ ಕಾಂಟ್ರ್ಯಾಕ್ಟ್ ಕೆಲಸ, ನಾಲ್ಕು ತಿಂಗಳು ಮುಗಿದಿತ್ತು. ಟೀಮ್ ಲೀಡ್ ದಿನಾ ಬೆಳಗಿನ ಮೀಟಿಂಗ್‌ನಲ್ಲಿ ಇವನ ಇಂಗ್ಲಿಷ್ ಅಣಕಿಸ್ತಿದ್ದ. ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು, ಮಾಡದ ತಪ್ಪಿಗೆ ಇವನ ಹೆಸರು. ಶನಿವಾರ ರಾತ್ರಿ ಕೆಲಸ ಕೊಟ್ಟು ಭಾನುವಾರ ಬೆಳಿಗ್ಗೆ ಗ್ರೂಪಿನಲ್ಲಿ ಎಲ್ಲರೆದುರು ‘ಇನ್ನೂ ಆಗಿಲ್ವಾ?’ ಅಂತ ಕೇಳೋದು. ಇವನು ಒಂದು ದಿನ ಎಚ್‌ಆರ್‌ಗೆ ಮೇಲ್ ಬರೆದ. ಹತ್ತು ದಿನಕ್ಕೆ ಎಚ್‌ಆರ್ ಇವನನ್ನೇ ಕರೆದು, “ನೀವೇ ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿ ಕೊಡ್ತೀವಿ. ಇಲ್ಲಾಂದ್ರೆ ಟರ್ಮಿನೇಟೆಡ್ ಅಂತ ಬರುತ್ತೆ, ಮುಂದೆ ಎಲ್ಲೂ ಕೆಲಸ ಸಿಗಲ್ಲ” ಅಂದರು. ಉತ್ತರ ಬೆಳಿಗ್ಗೆ ಹತ್ತರೊಳಗೆ ಬೇಕು.

“ಬರದು ಕೊಡ್ಲಾ ಅಣ್ಣಾ?”

ಹತ್ತು-ಹನ್ನೆರಡು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ಮುಂದೆ ಇತ್ತು. ಕೇಳೋಕೆ ಯಾರೂ ಇರಲಿಲ್ಲ. ಏಳು ತಿಂಗಳ ಕೆಲಸ, ಇದೇ ಥರದ ಮ್ಯಾನೇಜರು, ಇದೇ ಥರದ ಬೆದರಿಕೆ. ನಾನು ಬರೆದುಕೊಟ್ಟೆ. ‘ವೈಯಕ್ತಿಕ ಕಾರಣಗಳಿಂದ’ ಅಂತ ಮೂರು ಸಾಲು. ಊರಿಗೆ ಹೋದಾಗ ಅವ್ವನಿಗೆ ‘ಪ್ರಾಜೆಕ್ಟ್ ಮುಗೀತು’ ಅಂದೆ. ಆ ಮೂರು ಸಾಲು ಬರೆದು ನಾನು ಕಳಕೊಂಡದ್ದು ಕೆಲಸ ಮಾತ್ರ ಅಲ್ಲ ಅನ್ನೋದು ಬಹಳ ತಡವಾಗಿ ಗೊತ್ತಾಯಿತು. ಆಮೇಲೆ ಸಿಟ್ಟಿಗೋ ಚಟಕ್ಕೋ ಈ ಕಾನೂನುಗಳ ಇತಿಹಾಸ ಓದುತ್ತಾ ಬಂದೆ. ಆ ರಾತ್ರಿ ತಮ್ಮನಿಗೆ ಚೂರು ಚೂರು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೀತಿದೀನಿ.

*

ನಮ್ಮ ಮುತ್ಯಾ ವರ್ಷದಾಳಿನ ಕಥೆ ಹೇಳೋನು. ನಮ್ಮ ಕಡೆ ಒಕ್ಕಲುತನದಲ್ಲಿ ಆಳು ಇಡೋದು ಉಗಾದಿಯಿಂದ ಉಗಾದಿಗೆ. ಮೊದಲೇ ಒಂದಿಷ್ಟು ರೊಕ್ಕ ಮುಂಗಡ, ಜೋಳ ಇಷ್ಟು ಚೀಲ, ಒಂದು ಜೊತೆ ಬಟ್ಟೆ, ಕಾಲಿಗೆ ಕೆರ. ನಡುವರ್ಷದಲ್ಲಿ ಒಡೆಯನಿಗೆ ಸಿಟ್ಟು ಬಂದರೆ ‘ನಾಳೆಯಿಂದ ಬರಬ್ಯಾಡ’ ಅಂತಿದ್ದ. ಆಳಿಗೆ ಬೇಜಾರಾದರೆ ಅವನು ಹಾಗೆ ಹೇಳೋ ಹಾಗಿರಲಿಲ್ಲ, ಮುಂಗಡ ತೀರಿರೋದಿಲ್ಲವಲ್ಲ. “ಬಿಟ್ಟು ಹೋದ್ರೂ ಸಾಲ ಅವನ ಬೆನ್ನಿಗೇ, ಬಿಡಿಸಿ ಕಳಿಸಿದ್ರೂ ಸಾಲ ಅವನ ಬೆನ್ನಿಗೇ” ಅಂತಿದ್ದ ಮುತ್ಯಾ. ನಿಜಾಮರ ಸಂಸ್ಥಾನದಲ್ಲಿ ಹೀಗೆ ಸಾಲಕ್ಕೆ ದುಡಿಯೋ ಪದ್ಧತಿಗೆ ಭಗೇಲಾ ಅನ್ನೋ ಹೆಸರಿತ್ತು, ಕನ್ನಡದಲ್ಲಿ ಜೀತ. ದೇಶಕ್ಕೆಲ್ಲ ಅನ್ವಯಿಸೋ ಜೀತ ನಿರ್ಮೂಲನಾ ಕಾಯ್ದೆ ಬಂದದ್ದು 1976ರಲ್ಲಿ.

ಇದು ಹಳ್ಳಿ ಮಾತು, ಕಾಗದ ಪತ್ರ ಇರೋ ಕಡೆ ಹೀಗಿರಲಿಲ್ಲ ಅಂದುಕೊಳ್ಳಬೇಡಿ. ಬ್ರಿಟಿಷ್ ಇಂಡಿಯಾದಲ್ಲಿ ಇದಕ್ಕೆ ಅಚ್ಚಾದ ಕಾನೂನೇ ಇತ್ತು. 1859ರ 13ನೇ ಕಾಯ್ದೆ, ಕೆಲಸಗಾರರ ಕರಾರು ಉಲ್ಲಂಘನೆ ಕಾಯ್ದೆ. ಮುಂಗಡ ತಗೊಂಡ ಕೆಲಸಗಾರ ಕೆಲಸ ಬಿಟ್ಟರೆ ಒಡೆಯ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಮ್ಯಾಜಿಸ್ಟ್ರೇಟ್ ‘ರೊಕ್ಕ ವಾಪಸ್ ಕೊಡು, ಇಲ್ಲ ಹೋಗಿ ಕೆಲಸ ಮಾಡು’ ಅಂತ ಆಜ್ಞೆ ಮಾಡಬಹುದು. ಅದಕ್ಕೂ ಬಗ್ಗದಿದ್ದರೆ ಮೂರು ತಿಂಗಳವರೆಗೆ ಜೈಲು. ಒಡೆಯ ಕರಾರು ಮುರಿದರೆ? ಅವನಿಗೆ ಜೈಲಿಲ್ಲ. ಕೂಲಿಯವನು ಸಿವಿಲ್ ಕೋರ್ಟಿಗೆ ಹೋಗಲಿ ಅಷ್ಟೇ. ಈ ಕಾಯ್ದೆ ರದ್ದಾಗೋದಕ್ಕೆ 1920ರ ದಶಕದ ನಡುಭಾಗ ಬರಬೇಕಾಯಿತು. ಒಂದೇ ಕರಾರು, ಒಬ್ಬ ಮುರಿದರೆ ಅಪರಾಧ, ಇನ್ನೊಬ್ಬ ಮುರಿದರೆ ಲೆಕ್ಕಾಚಾರ. ನಮ್ಮ ಆಫರ್ ಲೆಟರ್‌ಗಳಲ್ಲಿ ಇವತ್ತಿಗೂ ‘ನೀವು ಬಿಟ್ಟರೆ ಮೂರು ತಿಂಗಳ ನೋಟಿಸ್, ನಾವು ಬಿಡಿಸಿದರೆ ತಕ್ಷಣ’ ಅಂತ ಇರುತ್ತಲ್ಲ, ಅದನ್ನು ಓದುವಾಗ ನನಗೆ ಈ 1859 ನೆನಪಾಗುತ್ತೆ.

ಆಗ ಸಂಘ ಕಟ್ಟೋದೂ ಅಪಾಯವೇ. 1918ರ ಏಪ್ರಿಲ್‌ನಲ್ಲಿ ಬಿ.ಪಿ. ವಾಡಿಯಾ ಮದ್ರಾಸಿನಲ್ಲಿ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲುಗಳ ಕೆಲಸಗಾರರನ್ನು ಸೇರಿಸಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಮಿಲ್ಲಿನ ಮಾಲೀಕರಾದ ಬಿನ್ನಿ ಕಂಪನಿಯವರು, ‘ಕೆಲಸಗಾರರು ನಮ್ಮ ಜೊತೆಗಿನ ಕರಾರು ಮುರಿಯೋ ಹಾಗೆ ಇವರು ಪ್ರಚೋದಿಸಿದರು’ ಅಂತ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಸಂಘ ಕಟ್ಟಿದ್ದಕ್ಕೇ ದಾವೆ ಹೂಡಬಹುದು ಅನ್ನೋದು ದೇಶಕ್ಕೆಲ್ಲ ಗೊತ್ತಾಯಿತು. ಅದರ ಫಲವಾಗಿ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು.

*

ಸ್ವಾತಂತ್ರ್ಯಕ್ಕೆ ನಾಲ್ಕೂವರೆ ತಿಂಗಳು ಮುಂಚೆ, 1947ರ ಏಪ್ರಿಲ್ 1ರಂದು ಕೈಗಾರಿಕಾ ವಿವಾದಗಳ ಕಾಯ್ದೆ ಜಾರಿಯಾಯಿತು. ಮುಂದಿನ ಎಪ್ಪತ್ತೆಂಟು ವರ್ಷ ಕೆಲಸದಿಂದ ತೆಗೆದುಹಾಕಿಸಿಕೊಂಡ ಪ್ರತಿಯೊಬ್ಬನ ಹಣೆಬರಹ ಈ ಕಾಯ್ದೆಯ ಒಂದೊಂದು ಪದದ ಮೇಲೆ ನಿಂತಿತ್ತು. ಉತ್ಪ್ರೇಕ್ಷೆ ಅಲ್ಲ. ಒಬ್ಬ ಡಾಕ್ಟರ ಕಥೆ ಕೇಳಿ.

ಅಸ್ಸಾಮಿನ ಡಿಮಾಕುಚಿ ಟೀ ಎಸ್ಟೇಟ್. 1950ರಲ್ಲಿ ಡಾ. ಕೆ.ಪಿ. ಬ್ಯಾನರ್ಜಿ ಅನ್ನೋರು ಅಲ್ಲಿ ಸಹಾಯಕ ವೈದ್ಯಾಧಿಕಾರಿಯಾಗಿ ಸೇರಿದರು. ಮೂರು ತಿಂಗಳ ಪ್ರೊಬೇಷನ್. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಒಂದು ತಿಂಗಳ ಸಂಬಳ ಕೊಟ್ಟು ಮನೆಗೆ ಕಳಿಸಿದರು. ಆಗ ಒಬ್ಬಂಟಿ ಕೆಲಸಗಾರ ಕೋರ್ಟಿಗೆ ಹೋಗೋ ಹಾಗಿರಲಿಲ್ಲ, ಸಂಘ ಅವನ ವಿಷಯ ಎತ್ತಿಕೊಳ್ಳಬೇಕು. ತೋಟದ ಕೂಲಿಗಳ ಸಂಘ ಎತ್ತಿಕೊಂಡಿತು. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ 1958ರಲ್ಲಿ ತೀರ್ಪು ಬಂತು. ಡಾಕ್ಟರು ‘ಕೆಲಸಗಾರ’ ಅಲ್ಲ, ಆದ್ದರಿಂದ ಇದು ಕೈಗಾರಿಕಾ ವಿವಾದವೂ ಅಲ್ಲ. ಕಾಯ್ದೆಯ ಮೂಲ ವ್ಯಾಖ್ಯೆಯಲ್ಲಿ ಇದ್ದದ್ದು ಮೈಮುರಿದು ದುಡಿಯುವವರು ಮತ್ತು ಗುಮಾಸ್ತರು ಮಾತ್ರ. ಅವರನ್ನು ತೆಗೆದದ್ದು ನ್ಯಾಯವೋ ಅನ್ಯಾಯವೋ ಅನ್ನೋ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಬಾಗಿಲು ಮುಚ್ಚಿತು.

1956ರ ತಿದ್ದುಪಡಿಯಲ್ಲಿ ಆ ವ್ಯಾಖ್ಯೆಗೆ ‘ತಾಂತ್ರಿಕ’ ಅನ್ನೋ ಪದ ಸೇರಿತು. ಡಾಕ್ಟರ ಪಾಲಿಗೆ ತಡವಾಗಿತ್ತು, ಆದರೆ ನಿಮ್ಮ ನನ್ನಂಥ ಕೋಡ್ ಬರೆಯೋರು ಇವತ್ತು ನಿಂತಿರೋದು ಆ ಪದದ ಮೇಲೆ. ಮೇಲ್ವಿಚಾರಕರನ್ನೂ ಆಗಲೇ ಸೇರಿಸಿದರು, ಆದರೆ ಸಂಬಳದ ಮಿತಿ ಹಾಕಿ: ಮೊದಲು 500 ರೂಪಾಯಿ, ಆಮೇಲೆ 1,600, 2010ರಲ್ಲಿ 10,000, ಈಗಿನ ಹೊಸ ಸಂಹಿತೆಯಲ್ಲಿ 18,000. ಇಲ್ಲಿ ನಮ್ಮವರೆಲ್ಲ ಒಂದು ತಪ್ಪು ಮಾಡ್ತಾರೆ. ‘ನನ್ನ ಸಂಬಳ ಲಕ್ಷ ಇದೆ, ಲೇಬರ್ ಕಾನೂನು ನನಗೆಲ್ಲಿ’ ಅಂತ. ಆ ಮಿತಿ ಇರೋದು ಮೇಲ್ವಿಚಾರಕರಿಗೆ. ನಿಮ್ಮ ಕೈಕೆಳಗೆ ಯಾರೂ ಇಲ್ಲದೆ ನೀವೇ ಕೂತು ಕೋಡ್ ಬರೀತಿದ್ದರೆ ಸಂಬಳ ಎಷ್ಟಿದ್ದರೂ ‘ಕೆಲಸಗಾರ’ ಅಂತ ವಾದಿಸೋಕೆ ದಾರಿ ಇದೆ. ಕೋರ್ಟು ನೋಡೋದು ವಿಸಿಟಿಂಗ್ ಕಾರ್ಡಿನ ಹುದ್ದೆಯನ್ನಲ್ಲ, ದಿನಾ ನೀವು ನಿಜಕ್ಕೂ ಮಾಡೋ ಕೆಲಸವನ್ನ.

ಒಬ್ಬಂಟಿಗೆ ಬಾಗಿಲು ತೆರೆದದ್ದು 1965ರ ಡಿಸೆಂಬರ್ 1. ಅವತ್ತು 2ಎ ಕಲಮು ಬಂತು. ಸಂಘ ಬೆನ್ನಿಗೆ ಇರಲಿ ಬಿಡಲಿ, ಕೆಲಸದಿಂದ ತೆಗೆದದ್ದೇ ವಿವಾದ. ಕರ್ನಾಟಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸರ್ಕಾರ ಕಡತ ನೋಡಿ, ಮನಸ್ಸಾದರೆ ವಿವಾದವನ್ನು ಕೋರ್ಟಿಗೆ ಒಪ್ಪಿಸೋ ಪದ್ಧತಿ ಇತ್ತಲ್ಲ, ಅದನ್ನು ದಾಟಿ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು ಅಂತ 1988ರಲ್ಲಿ ರಾಜ್ಯದ ತಿದ್ದುಪಡಿ ಜಾರಿಯಾಯಿತು. ಇಡೀ ದೇಶಕ್ಕೆ ಈ ನೇರ ದಾರಿ ಸಿಕ್ಕಿದ್ದು 2010ರಲ್ಲಿ, ಮೂರು ವರ್ಷದ ಗಡುವಿನೊಂದಿಗೆ. ನನಗೆ ಇದೆಲ್ಲ ಗೊತ್ತಾಗೋ ಹೊತ್ತಿಗೆ ಆ ಮೂರೂ ವರ್ಷ ಮುಗಿದಿದ್ದವು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಫ್ಯಾಕ್ಟರಿ ಸರಿ, ಹೊಗೆ ಕೊಳವೆಯೇ ಇಲ್ಲದ ಕಡೆ ‘ಕೈಗಾರಿಕೆ’ ಎಲ್ಲಿಂದ ಬಂತು? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬೆಂಗಳೂರಿನ ನೀರಿನ ಮಂಡಳಿಯಿಂದ. ದುರ್ನಡತೆ ಅಂತ ದಂಡ ಹಾಕಿಸಿಕೊಂಡ ಮಂಡಳಿಯ ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ‘ನಾವು ನೀರು ಕೊಡೋರು, ಕೈಗಾರಿಕೆ ಅಲ್ಲ’ ಅಂತ ಮಂಡಳಿ ವಾದಿಸಿತು. 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಬೆಂಗಳೂರು ನೀರು ಸರಬರಾಜು ಮಂಡಳಿ ಮತ್ತು ಎ. ರಾಜಪ್ಪ ಪ್ರಕರಣದಲ್ಲಿ ಕೈಗಾರಿಕೆಯ ಅರ್ಥವನ್ನು ಅಗಲ ಮಾಡಿತು. ಮಾಲೀಕ-ನೌಕರ ಸಹಕಾರದಿಂದ ವ್ಯವಸ್ಥಿತವಾಗಿ ಜನರಿಗೆ ಬೇಕಾದ ಸರಕು ಅಥವಾ ಸೇವೆ ತಯಾರಾದರೆ ಅದು ಕೈಗಾರಿಕೆ, ಲಾಭ ಇರಲಿ ಬಿಡಲಿ. ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಕೂತವರೂ ಈ ಅರ್ಥದೊಳಗೆ ಬರುತ್ತಾರೆ.

*

ಈಗ ತಾತ್ಕಾಲಿಕ ಕೆಲಸಕ್ಕೆ ಬರ್ತೀನಿ. ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ದುಡಿದವನನ್ನು ‘ಹೆಚ್ಚಾಗಿದ್ದೀಯ’ ಅಂತ ತೆಗೀಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ವರ್ಷಕ್ಕೆ ಹದಿನೈದು ದಿನದ ವೇತನ ಪರಿಹಾರ ಕೊಡಬೇಕು. ಮಾಲೀಕರು ಉಪಾಯ ಮಾಡಿದರು. ನೇಮಕ ಪತ್ರದಲ್ಲೇ ಕೊನೆಯ ದಿನ ಬರೆಯೋದು. ಆಗ ನಾವು ತೆಗೆದ ಹಾಗಾಗಲ್ಲ, ಅದೇ ಮುಗಿದ ಹಾಗಾಗುತ್ತೆ.

ಸ್ಟೇಟ್ ಬ್ಯಾಂಕಿನಲ್ಲಿ ಎನ್. ಸುಂದರಮಣಿ ಅನ್ನೋರನ್ನು ಹೀಗೇ ಬಿಟ್ಟು ಬಿಟ್ಟು ಕೆಲಸಕ್ಕೆ ತಗೋತಿದ್ದರು. ಕೊನೆಯ ನೇಮಕ ಪತ್ರ ಬರೀ ಒಂಬತ್ತು ದಿನದ್ದು. ಬಿಡಿ ದಿನಗಳನ್ನೆಲ್ಲ ಕೂಡಿಸಿದರೆ 240ರ ಲೆಕ್ಕ ಭರ್ತಿಯಾಗ್ತಿತ್ತು. 1976ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಹೇಳಿದ್ದು ಸರಳವಾಗಿತ್ತು: ಕಾಯ್ದೆಯಲ್ಲಿ ‘ಯಾವ ಕಾರಣಕ್ಕೇ ಆಗಲಿ’ ಸೇವೆ ಕೊನೆಗೊಳಿಸಿದರೆ ಅಂತ ಇದೆ, ಪತ್ರದಲ್ಲಿ ಮೊದಲೇ ದಿನಾಂಕ ಬರೆದರೂ ಅದು ಕೊನೆಗೊಳಿಸಿದ ಹಾಗೇ. ಬ್ಯಾಂಕು ಸೋತಿತು.

ಎಂಟು ವರ್ಷ ಅಷ್ಟೇ. 1984ರ ಆಗಸ್ಟ್‌ನಲ್ಲಿ ಕಾಯ್ದೆಗೆ ಒಂದು ಉಪಕಲಮು ಸೇರಿಸಿದರು: ಕಾಂಟ್ರ್ಯಾಕ್ಟ್ ಅವಧಿ ಮುಗಿದು ನವೀಕರಣ ಆಗದಿದ್ದರೆ, ಅಥವಾ ಅದರಲ್ಲಿರೋ ಷರತ್ತಿನ ಪ್ರಕಾರ ಮುಗಿಸಿದರೆ, ಅದು ಆ ಲೆಕ್ಕಕ್ಕೆ ಬರಲ್ಲ. ಅಯ್ಯರ್ ತೆರೆದ ಬಾಗಿಲಿಗೆ ಸಂಸತ್ತು ಅಗಳಿ ಹಾಕಿತು. ಇವತ್ತಿನ ಆರು ತಿಂಗಳು, ಹನ್ನೊಂದು ತಿಂಗಳ ಕಾಂಟ್ರ್ಯಾಕ್ಟುಗಳ ಅಜ್ಜ ಈ ಉಪಕಲಮು. ಆಮೇಲೆ ‘ನಿಗದಿತ ಅವಧಿಯ ಉದ್ಯೋಗ’ ಅನ್ನೋ ವರ್ಗವನ್ನೇ 2003ರಲ್ಲಿ ತಂದರು, 2007ರಲ್ಲಿ ತೆಗೆದರು, 2016ರಲ್ಲಿ ಗಾರ್ಮೆಂಟ್ಸ್‌ಗೆ ಮಾತ್ರ ಮತ್ತೆ ತಂದರು, 2018ರಲ್ಲಿ ಎಲ್ಲರಿಗೂ ವಿಸ್ತರಿಸಿದರು.

ಹಾಗಾದರೆ ಸಣ್ಣ ಅವಧಿಯವನಿಗೆ ಏನೂ ಇಲ್ಲವೇ? ಇದೆ. ಅವಧಿ ಮುಗಿಯೋದು ಬೇರೆ, ಅಪವಾದ ಹೊರಿಸಿ ನಡುವೆ ಓಡಿಸೋದು ಬೇರೆ. ಈ ವ್ಯತ್ಯಾಸಕ್ಕೆ ಒಳ್ಳೆ ಉದಾಹರಣೆ ಹೈದರಾಬಾದಿನ ಪೊಲೀಸ್ ಅಕಾಡೆಮಿಯದು. ಅನೂಪ್ ಜೈಸ್ವಾಲ್ ಅನ್ನೋ ಐಪಿಎಸ್ ಪ್ರೊಬೇಷನರ್. 1981ರ ಜೂನ್‌ನಲ್ಲಿ ಒಂದು ದಿನ ಟ್ರೈನಿಗಳು ಬೆಳಗಿನ ಕಸರತ್ತಿಗೆ ತಡವಾಗಿ ಬಂದರು. ಇದರ ಹಿಂದೆ ಇರೋನು ಇವನೇ ಅಂತ ಅಧಿಕಾರಿಗಳು ತೀರ್ಮಾನಿಸಿ, ವಿಚಾರಣೆ ಇಲ್ಲದೆ ಸೇವೆಯಿಂದ ಬಿಡಿಸಿದರು. ಆದೇಶದಲ್ಲಿ ಒಂದು ಕೆಟ್ಟ ಮಾತಿರಲಿಲ್ಲ, ಪ್ರೊಬೇಷನ್ ನಿಯಮದ ಪ್ರಕಾರ ಬಿಡುಗಡೆ ಅಂತ ಮಾತ್ರ. 1984ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ಮುಖವಾಡ ಸರಿಸಿ ನೋಡಿತು. ಒಳಗೆ ಇದ್ದದ್ದು ದುರ್ನಡತೆಯ ಆರೋಪ. ಆರೋಪ ಇದ್ದರೆ ವಿಚಾರಣೆ ಬೇಕು ಅಂತ ಹೇಳಿ ಅವರನ್ನು ವಾಪಸ್ ತಗೊಳ್ಳೋಕೆ ಆದೇಶಿಸಿತು. ಅದು ಸರ್ಕಾರಿ ನೌಕರಿ, ಸಂವಿಧಾನದ ರಕ್ಷಣೆ ಇತ್ತು ಅನ್ನೋದು ನಿಜ. ಆದರೆ ಮುಖವಾಡ ಸರಿಸಿ ನೋಡೋ ಅಭ್ಯಾಸ ಕಾರ್ಮಿಕ ನ್ಯಾಯಾಲಯಗಳಿಗೂ ಇದೆ.

ಖಾಸಗಿ ಕಂಪನಿಯ ಉದಾಹರಣೆ ಬೇಕೆಂದರೆ ಡಿ.ಕೆ. ಯಾದವ್ ಪ್ರಕರಣ. 1980ರ ಡಿಸೆಂಬರ್. ‘ಗೇಟಿನಲ್ಲಿ ನನ್ನನ್ನು ಒಳಗೇ ಬಿಡಲಿಲ್ಲ’ ಅಂತ ಕೆಲಸಗಾರ, ‘ಹೇಳದೆ ಕೇಳದೆ ಗೈರಾದ, ನಿಯಮದ ಪ್ರಕಾರ ಕೆಲಸ ತಾನಾಗೇ ಹೋಯಿತು’ ಅಂತ ಕಂಪನಿ. ನಮ್ಮ ಭಾಷೆಯಲ್ಲಿ ಅಬ್‌ಸ್ಕಾಂಡಿಂಗ್. 1993ರಲ್ಲಿ ಸುಪ್ರೀಂ ಕೋರ್ಟು, ಜೀವನೋಪಾಯ ಜೀವಿಸುವ ಹಕ್ಕಿನ ಭಾಗ, ಅದನ್ನು ಕಸಿಯುವ ಮೊದಲು ಅವನ ಮಾತು ಕೇಳಬೇಕು ಅಂದಿತು. ಕೆಲಸ ವಾಪಸ್, ಜೊತೆಗೆ ಹಿಂದಿನ ಸಂಬಳದಲ್ಲಿ ಅರ್ಧ. ಹದಿಮೂರು ವರ್ಷ ಹಿಡಿಯಿತು ಅನ್ನೋದನ್ನೂ ಮರೆಯಬಾರದು.

*

ಸರ್ಕಾರಿ ಕಚೇರಿಗಳ ತಾತ್ಕಾಲಿಕ ನೌಕರರದ್ದು ಬೇರೆಯದೇ ಕಥೆ, ಅದರಲ್ಲೂ ಕರ್ನಾಟಕದ ಹೆಸರೇ ಮುಂದೆ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿ, 1990ರಲ್ಲಿ ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡೋ ಯೋಜನೆ ಪಡೆದುಕೊಂಡಿತು. ಹದಿನಾರು ವರ್ಷದ ಮೇಲೆ, 2006ರ ಏಪ್ರಿಲ್ 10ರಂದು, ಉಮಾದೇವಿ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದ್ದು. ಈ ಸಲ ಸಂವಿಧಾನ ಪೀಠ ಉಲ್ಟಾ ಹೇಳಿತು: ನಿಯಮದ ಪ್ರಕಾರ ನೇಮಕವಾಗದವರು ಎಷ್ಟು ವರ್ಷ ದುಡಿದರೂ ಕಾಯಂ ಕೇಳೋ ಹಕ್ಕಿಲ್ಲ, ಹತ್ತು ವರ್ಷ ದಾಟಿದವರಿಗೆ ಒಂದೇ ಸಲದ ವಿನಾಯಿತಿ ಕೊಡಬಹುದು ಅಷ್ಟೇ. ಹಿಂಬಾಗಿಲ ನೇಮಕ ನಿಲ್ಲಿಸೋದು ಅದರ ಉದ್ದೇಶ. ಆದರೆ ಇಲಾಖೆಗಳು ಅದನ್ನು ವರ್ಷಗಟ್ಟಲೆ ದುಡಿಸಿಕೊಂಡವರನ್ನು ಕೈಬಿಡೋಕೆ ಬಳಸಿದವು. ಕೇಂದ್ರ ಜಲ ಆಯೋಗದಲ್ಲಿ ಎರಡು ದಶಕ ಕಸ ಗುಡಿಸಿದವರನ್ನು 2018ರಲ್ಲಿ ತೆಗೆದಾಗ ಅವರು ಹೋರಾಡಿ 2024ರ ಡಿಸೆಂಬರ್‌ನಲ್ಲಿ ಗೆದ್ದರು. ಜಗ್ಗೋ ಪ್ರಕರಣ ಅಂತ ಅದಕ್ಕೆ ಹೆಸರು. ಉಮಾದೇವಿ ತೀರ್ಪನ್ನು ಹೀಗೆ ಶೋಷಣೆಗೆ ಗುರಾಣಿ ಮಾಡಬೇಡಿ ಅಂತ ಕೋರ್ಟೇ ಹೇಳಬೇಕಾಯಿತು.

ನಮ್ಮ ಕಡೆಯ ಸಾಲಿಗಳಲ್ಲಿ ಪಾಠ ಹೇಳೋ ಅತಿಥಿ ಶಿಕ್ಷಕರಿಗೆ ಇನ್ನೊಂದು ತೊಡಕು. ಶಿಕ್ಷಕರು ‘ಕೆಲಸಗಾರ’ರಲ್ಲ ಅಂತ 1988ರಲ್ಲೇ ಗೋವಾದ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಕೋಡ್ ಬರೆಯೋನಿಗೆ ಇರೋ ದಾರಿ, ಅವನಿಗೆ ಅಕ್ಷರ ಕಲಿಸಿದ ಮಾಸ್ತರಿಗೆ ಇಲ್ಲ.

*

ಇಷ್ಟರಲ್ಲಿ ಒಂದು ಪದ ಎಲ್ಲೂ ಬರಲಿಲ್ಲ ಅನ್ನೋದು ಗಮನಿಸಿದಿರಾ? ಕಿರುಕುಳ. ಕೆಲಸ ಹೋದದ್ದಕ್ಕೆ ಕಾನೂನು ಇದೆ, ಕೆಲಸದಲ್ಲಿ ದಿನಾ ಸಾಯಿಸಿದ್ದಕ್ಕೆ ಇಲ್ಲ. ಸ್ವೀಡನ್ 1993ರಲ್ಲೇ ಇದಕ್ಕೆ ನಿಯಮ ಮಾಡಿತು. ಫ್ರಾನ್ಸ್ 2002ರಲ್ಲಿ ‘ನೈತಿಕ ಕಿರುಕುಳ’ ಅಂತ ಕಾನೂನಿನಲ್ಲೇ ಬರೆಯಿತು. ಜಪಾನಿನಲ್ಲಿ ‘ಪವರ್ ಹರಾಸ್‌ಮೆಂಟ್’ ತಡೆಯೋ ಹೊಣೆ 2020ರಿಂದ ದೊಡ್ಡ ಕಂಪನಿಗಳ ಮೇಲೆ, 2022ರಿಂದ ಸಣ್ಣವುಗಳ ಮೇಲೂ ಬಂತು. 2019ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಬಗ್ಗೆ 190ನೇ ಒಡಂಬಡಿಕೆ ಮಾಡಿತು, ಭಾರತ ಇನ್ನೂ ಅದನ್ನು ಅಂಗೀಕರಿಸಿಲ್ಲ.

ನಮ್ಮಲ್ಲಿರೋದು ತುಂಡು ತುಂಡು. ಲೈಂಗಿಕ ಕಿರುಕುಳಕ್ಕೆ 1997ರ ವಿಶಾಖಾ ತೀರ್ಪು, ಅದರ ಬೆನ್ನಿಗೆ 2013ರ ಕಾಯ್ದೆ. ದೂರು ಕೊಡೋಕೆ ಮೂರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನೂ ಮೂರು. ಆ ವಿಶಾಖಾ ತೀರ್ಪಿನ ಹಿಂದೆ ಇದ್ದದ್ದು ರಾಜಸ್ಥಾನದ ಭಟೇರಿ ಅನ್ನೋ ಹಳ್ಳಿಯ ಭಂವರಿ ದೇವಿ. ಬಾಲ್ಯವಿವಾಹ ತಡೆಯೋ ಸರ್ಕಾರಿ ಕೆಲಸ ಮಾಡ್ತಿದ್ದದ್ದಕ್ಕೆ 1992ರಲ್ಲಿ ಅತ್ಯಾಚಾರಕ್ಕೆ ಒಳಗಾದವರು. ನಗರದ ಆಫೀಸುಗಳ ಗೋಡೆ ಮೇಲೆ ಸಮಿತಿಯ ಪಟ್ಟಿ ಅಂಟಿರೋದು ಒಬ್ಬ ಹಳ್ಳಿ ಹೆಂಗಸಿನಿಂದ. ಜಾತಿ ಹಿಡಿದು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಜಾತಿಯೂ ಅಲ್ಲ, ಲೈಂಗಿಕವೂ ಅಲ್ಲ, ಬರೀ ‘ನಿನ್ನ ಇಂಗ್ಲಿಷ್ ಹಳ್ಳಿದು’ ಅನ್ನೋ ಅವಮಾನಕ್ಕೆ ಹೆಸರಿಟ್ಟ ಕಾನೂನಿಲ್ಲ.

ಕರ್ನಾಟಕದ ಐಟಿಯವರಿಗೆ ಮಾತ್ರ ಒಂದು ವಿಚಿತ್ರ ದಾರಿ ಇತ್ತು. ಕೆಲಸದ ಷರತ್ತುಗಳನ್ನು ಬರೆದು ಸರ್ಕಾರದಿಂದ ಪ್ರಮಾಣೀಕರಿಸಿಕೊಳ್ಳಬೇಕು ಅನ್ನೋ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ವಿನಾಯಿತಿ ಕೊಡುತ್ತಾ ಬಂತು: 2014, 2019, ಮತ್ತೆ 2024ರ ಜೂನ್‌ನಲ್ಲಿ. ಆದರೆ ವಿನಾಯಿತಿ ಪುಕ್ಕಟೆ ಅಲ್ಲ. ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ನೌಕರರು ಆಡಳಿತದಷ್ಟೇ ಸಂಖ್ಯೆಯಲ್ಲಿರಬೇಕು. ಅಮಾನತು, ವಜಾ, ಬಿಡುಗಡೆ, ಹಿಂಬಡ್ತಿ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕೆಐಟಿಯು ಈ ವಿನಾಯಿತಿಯನ್ನು ವಿರೋಧಿಸುತ್ತಲೇ, ಆ ಷರತ್ತುಗಳನ್ನಾದರೂ ಪಾಲಿಸಿ ಅಂತ ಕೇಳುತ್ತಾ ಬಂದಿದೆ. ನನ್ನ ಆಫೀಸಿನಲ್ಲಿ ಅಂಥ ಸಮಿತಿ ಇತ್ತೋ ಇಲ್ಲವೋ, ನಾನು ಕೇಳಿಯೇ ಇರಲಿಲ್ಲ.

2025ರ ನವೆಂಬರ್ 21ಕ್ಕೆ ಈ ಹಳೇ ಕಾಯ್ದೆಗಳೆಲ್ಲ ಹೋಗಿ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ತಮ್ಮನ ಕೆಲಸ ಹೋದದ್ದು ಅದಾದ ಕೆಲವೇ ವಾರಕ್ಕೆ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ನಿಗದಿತ ಅವಧಿಯವರಿಗೂ ಕಾಯಂ ನೌಕರರಷ್ಟೇ ಸೌಲಭ್ಯ, ವರ್ಷ ತುಂಬಿದರೆ ಗ್ರಾಚ್ಯುಟಿ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರೋ ಕಡೆ ಕುಂದುಕೊರತೆ ಸಮಿತಿ ಕಡ್ಡಾಯ. ವಜಾ ಆದವನು ಸಂಧಾನಾಧಿಕಾರಿಗೆ ಅರ್ಜಿ ಹಾಕಿ 45 ದಿನದಲ್ಲಿ ಬಗೆಹರಿಯದಿದ್ದರೆ ನೇರ ನ್ಯಾಯಮಂಡಳಿಗೆ ಹೋಗಬಹುದು. ಗಡುವು ಮಾತ್ರ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ‘ಫುಲ್ ಆ್ಯಂಡ್ ಫೈನಲ್ 45 ದಿನ ಆಗುತ್ತೆ’ ಅನ್ನೋರಿಗೆ ಇದನ್ನು ತೋರಿಸಿ.

*

ಆ ರಾತ್ರಿ ತಮ್ಮನಿಗೆ ಹೇಳಿದ್ದು ಇಷ್ಟು. ಮೊದಲನೇದು, ರಾಜೀನಾಮೆ ಬರೀಬ್ಯಾಡ. ಮೇಲೆ ಹೇಳಿದ ಪ್ರತಿಯೊಂದು ಬಾಗಿಲೂ ತೆರೆಯೋದು ‘ಅವರು ತೆಗೆದರು’ ಅಂದಾಗ. ‘ನಾನೇ ಬಿಟ್ಟೆ’ ಅಂತ ಬರೆದುಕೊಟ್ಟ ಮೇಲೆ ಅದು ಬಲವಂತದಿಂದ ಬರೆಸಿದ್ದು ಅಂತ ಸಾಬೀತು ಮಾಡೋ ಭಾರ ನಿನ್ನ ಮೇಲೆ. ನಾನು ಕಳಕೊಂಡದ್ದು ಅದೇ. ಎರಡನೇದು, ಬಿಡಿಸೋ ಕಾರಣ ಬರಹದಲ್ಲಿ ಕೊಡಿ ಅಂತ ಮರ್ಯಾದೆಯಿಂದ ಮೇಲ್ ಹಾಕು. ಮೂರನೇದು, ಆಫರ್ ಲೆಟರ್, ಸಂಬಳದ ಚೀಟಿ, ಎಚ್‌ಆರ್‌ಗೆ ಬರೆದ ದೂರು, ಗ್ರೂಪಿನ ಮೆಸೇಜು ತೆಗೆದಿಟ್ಟುಕೋ. ಕಂಪನಿಯ ಕೋಡು, ಗ್ರಾಹಕರ ಮಾಹಿತಿ ಮುಟ್ಟಬ್ಯಾಡ. ಯಾವ ದಿನ ಯಾರೆದುರು ಏನಂದರು ಅಂತ ಇವತ್ತೇ ಒಂದು ಹಾಳೆಯಲ್ಲಿ ಬರೆ. ನಾಲ್ಕನೇದು, ಕುಂದುಕೊರತೆ ಸಮಿತಿ ಎಲ್ಲಿದೆ ಅಂತ ಕೇಳು. ಐದನೇದು, ಕಾರ್ಮಿಕ ಇಲಾಖೆಗೆ ಅರ್ಜಿ. ವಕೀಲರಿಗೆ ರೊಕ್ಕ ಇಲ್ಲ ಅನ್ನಬ್ಯಾಡ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಉಚಿತ ನೆರವಿಗೆ ಅರ್ಹರ ಪಟ್ಟಿಯಲ್ಲಿ ಕೈಗಾರಿಕಾ ಕೆಲಸಗಾರನೂ ಇದ್ದಾನೆ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳ್ತಾರೆ.

ಇನ್ನೊಂದು ಮಾತೂ ಹೇಳಿದೆ, ಸುಳ್ಳು ಆಸೆ ಹುಟ್ಟಿಸಬಾರದು ಅಂತ. “ನಾಲ್ಕೇ ತಿಂಗಳ ಕೆಲಸ, 240 ದಿನ ಆಗಿಲ್ಲ. ಷರತ್ತಿನ ಪ್ರಕಾರ ಮುಗಿಸಿದೀವಿ ಅಂತ ಅವರು ವಾದಿಸ್ತಾರ. ನೀ ಕೊಟ್ಟ ದೂರಿಗೇ ಹೀಗಾತು ಅಂತ ನೀ ತೋರಿಸಬೇಕು. ಕೆಲಸ ವಾಪಸ್ ಸಿಗೋದು ಕಷ್ಟ. ಉಳಿದ ಎರಡು ತಿಂಗಳ ರೊಕ್ಕ, ಕಳಂಕ ಇಲ್ಲದ ಪತ್ರ, ಇಷ್ಟು ಸಿಕ್ಕರ ಗೆದ್ದಂಗ.” ಸಿವಿಲ್ ಕೋರ್ಟಿಗೆ ಹೋದರೂ ಅಷ್ಟೇ. ಇಷ್ಟವಿಲ್ಲದ ಒಡೆಯನ ಹತ್ತಿರ ಕೆಲಸ ಕೊಡಿಸೋ ಅಧಿಕಾರ ಅದಕ್ಕಿಲ್ಲ, ಪರಿಹಾರದ ರೊಕ್ಕ ಮಾತ್ರ ಕೊಡಿಸಬಹುದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, “ಅಪ್ಪಗ ಏನ್ ಹೇಳ್ಲಿ?”

ಇದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರ ಇರಲಿಲ್ಲ. “ಇದ್ದದ್ದು ಹೇಳು. ನನ್ನಂಗ ಪ್ರಾಜೆಕ್ಟ್ ಮುಗೀತು ಅನಬ್ಯಾಡ” ಅಂದೆ. ನನ್ನದೂ ಹಾಗೇ ಆಗಿತ್ತು ಅಂತ ಅವನಿಗೆ ಗೊತ್ತಾಗಿದ್ದು ಆಗಲೇ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಅವನು ರಾಜೀನಾಮೆ ಕಳಿಸಲಿಲ್ಲ. ಕಾರಣ ಕೇಳಿ ನಾಲ್ಕು ಸಾಲಿನ ಮೇಲ್ ಕಳಿಸಿದ. ಮೂರು ದಿನಕ್ಕೆ ಬಂದ ಉತ್ತರದಲ್ಲಿ ‘ಟರ್ಮಿನೇಟೆಡ್’ ಅಂತಲೇ ಇತ್ತು. ಓದಿ ಅವನ ಕೈ ನಡುಗಿತಂತೆ. ಆ ಪತ್ರವನ್ನೇ ಮೊದಲ ದಾಖಲೆ ಮಾಡಿ ಅರ್ಜಿ ಹಾಕಿದ್ದಾನೆ. ಈಗ ಸಂಧಾನಾಧಿಕಾರಿ ಮುಂದಿದೆ. ಒಂದು ಸಲ ಕಂಪನಿಯವರು ಬಂದಿಲ್ಲ, ಮುಂದಿನ ತಾರೀಖು ಕೊಟ್ಟಿದ್ದಾರೆ. ನಡುವೆ ಬೇರೆ ಕಡೆ ಇಂಟರ್‌ವ್ಯೂಗೂ ಹೋಗಿಬಂದ. ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಅಂತ ಕೇಳಿದರಂತೆ.

“ಏನಂದಿ?”

“ಬಿಟ್ಟಿಲ್ರಿ, ಬಿಡಿಸ್ಯಾರ, ಅದರ ಮ್ಯಾಲ ಅರ್ಜಿ ಹಾಕೀನಿ ಅಂದೆ.”

ಆ ಕೆಲಸ ಸಿಗುತ್ತೋ ಇಲ್ಲವೋ, ಇನ್ನೂ ಫೋನ್ ಬಂದಿಲ್ಲ. ನಾನು ಉಗಾದಿಗೆ ಊರಿಗೆ ಹೋದಾಗ ಅವ್ವನಿಗೆ ಹಳೇ ವಿಷಯ ಹೇಳಬೇಕು ಅಂದುಕೊಂಡಿದೀನಿ.